ಯಾರ ಕಂಬ, ಯಾರ ತೊಲೆ: ಬಾಹ್ಯಾಕಾಶ ನಿಲ್ದಾಣ ಕಟ್ಟಿದ ದೇಶಗಳ ಲೆಕ್ಕ, ನಮ್ಮ ಪಾಲಿನ ಲೆಕ್ಕ

2025ರ ಜೂನ್ 25ರಂದು ಅಮೆರಿಕದ ಫ್ಲಾರಿಡಾದಿಂದ ಮೇಲೆದ್ದ ನೌಕೆಯಲ್ಲಿ ನಾಲ್ವರು ಗಗನಯಾತ್ರಿಗಳಿದ್ದರು. ಅವರ ಜೊತೆಗೆ ಒಂದಿಷ್ಟು ಹೆಸರುಕಾಳು, ಒಂದಿಷ್ಟು ಮೆಂತ್ಯವೂ ಇತ್ತು. ಕಾಳು ಕಳಿಸಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಅದೇ ಊರಿನ ಐಐಟಿಯ ಜೊತೆಗೂಡಿ. ಮರುದಿನ ನೌಕೆ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿತು. ಅಲ್ಲಿ ಆ ನಾಲ್ವರಲ್ಲೊಬ್ಬರಾದ ಭಾರತದ ಶುಭಾಂಶು ಶುಕ್ಲಾ ಒಣಕಾಳಿಗೆ ನೀರುಣಿಸಿದರು, ಕಾಳು ಮೊಳೆತವು, ಮೊಳಕೆಗಳನ್ನು ಶೀತಪೆಟ್ಟಿಗೆಯಲ್ಲಿಟ್ಟು ಕಾಯ್ದರು. ನಮ್ಮ ಮನೆಗಳಲ್ಲಿ ನೆನೆಸಿದ ಕಾಳನ್ನು ಅರಿವೆಯಲ್ಲಿ ಕಟ್ಟಿಟ್ಟರೆ ತಾನಾಗಿ ಬರುವ ಮೊಳಕೆ ಅದು. ಅಲ್ಲಿ ಬರಲು ಅಮೆರಿಕದ ರಾಕೆಟ್ಟು, ರಷ್ಯದ ಎಂಜಿನ್ನು, ಇಟಲಿಯ ಗೋಡೆ, ಜಪಾನು, ಕೆನಡಾ, ಯುರೋಪಿನ ಕೈಗಳು ಎಲ್ಲ ಬೇಕಾದವು.

ಲಿಂಗಸುಗೂರು ತಾಲ್ಲೂಕಿನ ನಮ್ಮ ಗುರುಗುಂಟಾದಲ್ಲಿ ಸಂಜೆ ಹೊತ್ತು ಮುಳುಗಿದ ಮೇಲೆ ಮಾಳಿಗೆ ಹತ್ತಿ ನಿಂತರೆ, ಕೆಲವು ದಿನ ಪಡುವಣದ ಕಡೆಯಿಂದ ಒಂದು ದೊಡ್ಡ ಚುಕ್ಕೆ ಎದ್ದು, ಮಿಣುಕದೆ, ಸದ್ದಿಲ್ಲದೆ, ಐದಾರು ನಿಮಿಷದಲ್ಲಿ ಮೂಡಣಕ್ಕೆ ಸಾಗಿ ಮರೆಯಾಗುವುದು ಕಾಣುತ್ತದೆ. ಅದೇ ಈ ನಿಲ್ದಾಣ. ಸುಮಾರು 400 ಕಿಲೋಮೀಟರ್ ಎತ್ತರ, 109 ಮೀಟರ್ ಉದ್ದ, 420 ಟನ್ ತೂಕ. ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಇಷ್ಟು ದೊಡ್ಡ ಮನೆಯನ್ನು ಯಾರು ಯಾರು ಕಟ್ಟಿದರು, ಯಾವ ಲೆಕ್ಕದಲ್ಲಿ ಕಟ್ಟಿದರು, ಇಪ್ಪತ್ತೈದು ವರ್ಷ ಅದಕ್ಕೆ ಅನ್ನ, ನೀರು, ಇಂಧನ ಹೊತ್ತವರು ಯಾರು? ಅದರಲ್ಲಿ ಪಾಲು ಹಿಡಿಯದ ಭಾರತ ಕಳೆದುಕೊಂಡದ್ದೇನು, ಉಳಿಸಿಕೊಂಡದ್ದೇನು? ಈಗ ನಾವೇ ಒಂದು ನಿಲ್ದಾಣ ಕಟ್ಟಲು ಹೊರಟಿರುವಾಗ ಈ ಪ್ರಶ್ನೆಗಳು ಬೆಂಗಳೂರಿನ ಕಚೇರಿಗಳಿಗೆ ಮಾತ್ರ ಸೇರಿದವಲ್ಲ. ಇದಕ್ಕೆ ಸುರಿಯುವ ರೊಕ್ಕ ನಮ್ಮೆಲ್ಲರದು.

ಒಂಟಿ ಮನೆಗಳ ಕಾಲ

ಮೊದಲ ನಿಲ್ದಾಣ ಸೋವಿಯತ್ ಒಕ್ಕೂಟದ ಸಲ್ಯುತ್-1. ಅದು ಹಾರಿದ್ದು 1971ರ ಏಪ್ರಿಲ್ 19ರಂದು. ಅದರಲ್ಲಿ ತಂಗಿ ಮರಳುತ್ತಿದ್ದ ಮೂವರೂ ನೌಕೆಯ ಗಾಳಿ ಸೋರಿ ಅದೇ ಜೂನ್ ಕೊನೆಯಲ್ಲಿ ತೀರಿಕೊಂಡರು. ಅಮೆರಿಕ 1973ರಲ್ಲಿ ಸ್ಕೈಲ್ಯಾಬ್ ಹಾರಿಸಿತು. 1979ರಲ್ಲಿ ಅದು ಆಸ್ಟ್ರೇಲಿಯದ ಪಶ್ಚಿಮ ಭಾಗದಲ್ಲಿ ಚೂರಾಗಿ ಬಿತ್ತು. ನಡುವೆ, 1975ರ ಜುಲೈನಲ್ಲಿ, ಎರಡು ದೇಶಗಳ ಅಪೋಲೊ ಮತ್ತು ಸೊಯುಜ್ ನೌಕೆಗಳು ಆಕಾಶದಲ್ಲಿ ಕೂಡಿದವು. ಆಗ ಗಂಡು ಬಾಗಿಲು, ಹೆಣ್ಣು ಬಾಗಿಲು ಎಂಬ ಭೇದವಿಲ್ಲದೆ ಯಾವುದಕ್ಕೆ ಯಾವುದಾದರೂ ಕೂಡುವ ಜೋಡಣೆಯೊಂದನ್ನು ಎರಡೂ ಕಡೆಯ ಎಂಜಿನಿಯರುಗಳು ಕೂತು ರೂಪಿಸಿದರು. ಇಬ್ಬರಲ್ಲಿ ಯಾರೂ ತಗ್ಗಿದಂತೆ ಕಾಣಬಾರದು ಎಂಬ ಕಾಳಜಿಯೂ ಆ ವಿನ್ಯಾಸದ ಹಿಂದೆ ಇತ್ತು. ಈ ಬಾಗಿಲಿನ ಮಾತು ಮುಂದೆ ಮತ್ತೆ ಬರುತ್ತದೆ.

ಸೋವಿಯತ್ತರು ತಮ್ಮ ಮನೆಗೆ ಗೆಳೆಯರನ್ನು ಕರೆಯುವ ರೂಢಿ ಬೆಳೆಸಿದರು. ಹಾಗೆ 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಸಲ್ಯುತ್-7ಕ್ಕೆ ಹೋದರು. ಸುಮಾರು ಎಂಟು ದಿನದ ಆ ಯಾತ್ರೆಯಲ್ಲಿ ಭಾರತದ ಭೂಭಾಗದ ಛಾಯಾಚಿತ್ರಗಳು, ಯೋಗದ ಪರೀಕ್ಷೆಗಳು ನಡೆದವು. ಅವರಿಗೆ ಊಟ ಸಿದ್ಧಪಡಿಸಿ ಕೊಟ್ಟದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ನಿಲ್ದಾಣವೊಂದಕ್ಕೆ ಕನ್ನಡ ನೆಲದಿಂದ ಹೋದ ಮೊದಲ ಸರಬರಾಜು ಅದೇ ಎಂದು ನಾನು ಲೆಕ್ಕ ಹಿಡಿಯುತ್ತೇನೆ.

ಇನ್ನೊಂದು ಅವಕಾಶ ಕೈಗೆ ಬಂದು ತಪ್ಪಿತು. ಇನ್ಸಾಟ್-1ಸಿ ಉಪಗ್ರಹವನ್ನು ಅಮೆರಿಕದ ಷಟಲ್ ನೌಕೆ ಹೊತ್ತೊಯ್ಯುವಾಗ ಭಾರತದ ವಿಜ್ಞಾನಿಯೊಬ್ಬರನ್ನೂ ಕರೆದೊಯ್ಯುವ ಒಪ್ಪಂದವಿತ್ತು. ತಿರುವನಂತಪುರದ ಪಿ. ರಾಧಾಕೃಷ್ಣನ್ ಮತ್ತು ಬೆಂಗಳೂರಿನ ಉಪಗ್ರಹ ಕೇಂದ್ರದ ಎನ್.ಸಿ. ಭಟ್ ಆಯ್ಕೆಯಾಗಿದ್ದರು. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಆಕಾಶದಲ್ಲೇ ಒಡೆಯಿತು. ಆ ಯಾತ್ರೆ ನಡೆಯಲೇ ಇಲ್ಲ, ಉಪಗ್ರಹ 1988ರಲ್ಲಿ ಯುರೋಪಿನ ರಾಕೆಟ್ಟು ಏರಿತು. ಪರರ ಬಂಡಿಯಲ್ಲಿ ಸಿಕ್ಕ ಜಾಗ ಅವರ ಅಚ್ಚು ಮುರಿದ ದಿನ ನಮಗೂ ಇಲ್ಲವಾಗುತ್ತದೆ.

1984ರ ಜನವರಿಯಲ್ಲಿ ಅಧ್ಯಕ್ಷ ರೇಗನ್ ಹೊಸ ನಿಲ್ದಾಣ ಕಟ್ಟುವ ಮಾತು ಆಡಿದರು. ಯುರೋಪು, ಜಪಾನು, ಕೆನಡಾ ಸೇರಿಕೊಂಡವು. 'ಫ್ರೀಡಂ' ಎಂಬ ಹೆಸರೂ ಬಂತು. ನಕ್ಷೆ ಮೇಲೆ ನಕ್ಷೆ ಬದಲಾಯಿತು, ಖರ್ಚು ಬೆಳೆಯಿತು, ಒಂದು ಕೋಣೆಯೂ ಹಾರಲಿಲ್ಲ. 1993ರ ಜೂನ್‌ನಲ್ಲಿ ಅಮೆರಿಕದ ಕೆಳಮನೆಯಲ್ಲಿ ಯೋಜನೆ ರದ್ದುಮಾಡುವ ನಿರ್ಣಯ 216ಕ್ಕೆ 215 ಮತಗಳಿಂದ ಬಿದ್ದುಹೋಯಿತು. ಒಂದೇ ಒಂದು ಮತ ಅದನ್ನು ಉಳಿಸಿತು.

ಅದೇ 1993, ನಮ್ಮ ಎಂಜಿನ್

ನಿಲ್ದಾಣದ ಚರಿತ್ರೆ ಬರೆಯುವ ಪರದೇಶದವರು 1993ನ್ನು ಒಂದು ಬಗೆಯಲ್ಲಿ ಹೇಳುತ್ತಾರೆ, ಇಸ್ರೋದ ಚರಿತ್ರೆ ಬರೆಯುವ ನಮ್ಮವರು ಇನ್ನೊಂದು ಬಗೆಯಲ್ಲಿ ಹೇಳುತ್ತಾರೆ. ಎರಡನ್ನೂ ಒಂದೇ ಪುಟದಲ್ಲಿಟ್ಟು ಓದಬೇಕು.

ಭಾರವಾದ ಉಪಗ್ರಹಗಳನ್ನು ಎತ್ತರಕ್ಕೆ ಒಯ್ಯಲು ಕ್ರಯೋಜೆನಿಕ್ ಎಂಜಿನ್ ಬೇಕು. ಬಹಳ ತಣ್ಣಗೆ ಮಾಡಿ ದ್ರವವಾಗಿಸಿದ ಜಲಜನಕ ಮತ್ತು ಆಮ್ಲಜನಕವನ್ನು ಉರಿಸುವ ಎಂಜಿನ್ ಅದು. ಇಸ್ರೋ 1991ರ ಜನವರಿಯಲ್ಲಿ ಸೋವಿಯತ್ತರ ಗ್ಲಾವ್‌ಕಾಸ್ಮಾಸ್ ಸಂಸ್ಥೆಯೊಂದಿಗೆ 235 ಕೋಟಿ ರೂಪಾಯಿಗೆ ಒಪ್ಪಂದ ಮಾಡಿಕೊಂಡಿತು. ಎಂಜಿನ್ ಕೊಡುವುದು, ಮಾಡುವ ವಿದ್ಯೆಯನ್ನೂ ಕಲಿಸುವುದು, ಇದು ಕರಾರು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಆಗ ಇಸ್ರೋದ ಅಧ್ಯಕ್ಷರು. ಅದೇ ವರ್ಷದ ಕೊನೆಗೆ ಸೋವಿಯತ್ ಒಕ್ಕೂಟ ಒಡೆಯಿತು. 1992ರ ಮೇ ತಿಂಗಳಲ್ಲಿ ಅಮೆರಿಕ, ಇದು ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣದ ನಿಯಮಕ್ಕೆ ವಿರುದ್ಧ ಎಂದು ಇಸ್ರೋ ಮತ್ತು ಗ್ಲಾವ್‌ಕಾಸ್ಮಾಸ್ ಎರಡರ ಮೇಲೂ ಎರಡು ವರ್ಷದ ನಿರ್ಬಂಧ ಹೇರಿತು. ಉರಿಸುವ ಮುನ್ನ ಗಂಟೆಗಟ್ಟಲೆ ತಣಿಸಿ ತುಂಬಬೇಕಾದ ಎಂಜಿನ್ ಯುದ್ಧದ ಕ್ಷಿಪಣಿಗೆ ಒದಗದು ಎಂದು ನಮ್ಮವರು ಹೇಳಿದರು. ಕೇಳಿಸಿಕೊಂಡವರಿಲ್ಲ.

1993ರ ಜುಲೈನಲ್ಲಿ ರಷ್ಯ ಹಿಂದೆ ಸರಿಯಿತು: ವಿದ್ಯೆ ಕಲಿಸುವುದಿಲ್ಲ, ಸಿದ್ಧ ಎಂಜಿನ್ ಹಂತಗಳನ್ನು ಮಾತ್ರ ಕೊಡುತ್ತೇವೆ ಎಂದಿತು. ಹಾಗೆ ಬಂದವು ಏಳು. ಅದಾಗಿ ಎರಡು ತಿಂಗಳೊಳಗೆ, ಸೆಪ್ಟೆಂಬರ್ 2ರಂದು, ಅಮೆರಿಕದ ಉಪಾಧ್ಯಕ್ಷ ಗೋರ್ ಮತ್ತು ರಷ್ಯದ ಪ್ರಧಾನಿ ಚೆರ್ನೊಮಿರ್ದಿನ್ ನಿಲ್ದಾಣವನ್ನು ಕೂಡಿ ಕಟ್ಟುವ ಒಪ್ಪಂದಕ್ಕೆ ಸಹಿ ಹಾಕಿದರು. ರಷ್ಯಕ್ಕೆ ನಾಲ್ಕು ವರ್ಷದಲ್ಲಿ 40 ಕೋಟಿ ಡಾಲರ್ ಕೊಡುವುದು ಗೊತ್ತಾಯಿತು. ಎರಡು ಮಾತುಕತೆಗಳು ಒಂದೇ ಮೇಜಿನ ಮೇಲೆ ನಡೆದಿದ್ದವು. ಬರಿಗೈಯಾಗಿದ್ದ ರಷ್ಯದ ಮುಂದೆ ಭಾರತದ ಕರಾರು ಒಂದು ತಟ್ಟೆಯಲ್ಲಿ, ನಿಲ್ದಾಣದ ಪಾಲುದಾರಿಕೆ ಇನ್ನೊಂದು ತಟ್ಟೆಯಲ್ಲಿ ಇದ್ದವು. ತಕ್ಕಡಿ ಯಾವ ಕಡೆ ವಾಲಿತು ಎಂಬುದು ನಮಗೆ ಗೊತ್ತಿದೆ.

ಹಾಗಾಗಿ ಈ ನಿಲ್ದಾಣದಲ್ಲಿ ಭಾರತದ ಪಾಲೇ ಇಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಬಿಟ್ಟುಕೊಟ್ಟದ್ದೂ ಒಂದು ಪಾಲೇ. ನಾವು ಒಪ್ಪಿ ಕೊಟ್ಟದ್ದಲ್ಲ, ನಮ್ಮಿಂದ ಕಿತ್ತದ್ದು. ಸ್ವಂತ ಕ್ರಯೋಜೆನಿಕ್ ಎಂಜಿನ್ 2010ರ ಏಪ್ರಿಲ್‌ನಲ್ಲಿ ಮೊದಲ ಸಲ ಹಾರಿ ಸೋತಿತು. 2014ರ ಜನವರಿ 5ರಂದು ಗೆದ್ದಿತು. ಒಪ್ಪಂದದ ದಿನದಿಂದ ಲೆಕ್ಕ ಹಾಕಿದರೆ ಇಪ್ಪತ್ಮೂರು ವರ್ಷ. ಈಗ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಈ ಎಂಜಿನ್‌ಗಳನ್ನು ಮಾಡಲೆಂದೇ ಒಂದು ಘಟಕವಿದೆ, 2022ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ನಮ್ಮ ಗಗನಯಾನ ಯೋಜನೆಗೆ ನೆಚ್ಚಿಕೊಂಡಿರುವ ಎಲ್‌ವಿಎಂ-3 ರಾಕೆಟ್ಟಿನ ಮೇಲಿನ ಹಂತವೂ ಸ್ವದೇಶಿ ಕ್ರಯೋಜೆನಿಕ್ ಎಂಜಿನ್ನಿನದೇ.

ಗೋಡೆ, ತೋಳು, ಬಾಗಿಲು

1998ರ ಜನವರಿ 29ರಂದು 15 ದೇಶಗಳು ಒಪ್ಪಂದಕ್ಕೆ ಸಹಿ ಮಾಡಿದವು: ಅಮೆರಿಕ, ರಷ್ಯ, ಜಪಾನ್, ಕೆನಡಾ ಮತ್ತು ಯುರೋಪಿನ ಹನ್ನೊಂದು. ಅದೇ ನವೆಂಬರ್ 20ರಂದು ಬೈಕನೂರಿನಿಂದ ಮೊದಲ ಕೋಣೆ 'ಜಾರ್ಯಾ' ಹಾರಿತು. ರೊಕ್ಕ ಅಮೆರಿಕದ್ದು, ಕಟ್ಟಿದ ಕೈ ರಷ್ಯದ್ದು. ಎರಡು ವಾರದಲ್ಲಿ ಅಮೆರಿಕದ 'ಯೂನಿಟಿ' ಹೋಗಿ ಅದಕ್ಕೆ ಕೂಡಿತು. 2000ದ ನವೆಂಬರ್ 2ರಿಂದ ಇಂದಿನವರೆಗೆ ಆ ಮನೆ ಒಂದು ದಿನವೂ ಖಾಲಿ ಬಿದ್ದಿಲ್ಲ.

ಭಾರತದಲ್ಲಿ ಹೆಚ್ಚು ಮಾತಿಗೆ ಬಾರದ ಒಂದು ಊರು ಇಟಲಿಯ ಟ್ಯೂರಿನ್. 'ಹಾರ್ಮೊನಿ', 'ಟ್ರಾಂಕ್ವಿಲಿಟಿ' ಎಂಬ ಎರಡು ಕೋಣೆಗಳು, ಭೂಮಿಯತ್ತ ಕಣ್ಣು ತೆರೆದ ಏಳು ಕಿಟಕಿಯ ಗುಮ್ಮಟ, ಷಟಲ್‌ನಲ್ಲಿ ಸಾಮಾನು ಸಾಗಿಸಿದ ದೊಡ್ಡ ಡಬ್ಬಿಗಳು ತಯಾರಾದದ್ದು ಅಲ್ಲಿ. ಹೆಸರು ಅಮೆರಿಕದ ಪಾಲಿನದಾದರೂ ಗೋಡೆ ಇಟಲಿಯದು. ಕೆನಡಾ ಕೊಟ್ಟದ್ದು 17 ಮೀಟರ್ ಉದ್ದದ ಯಂತ್ರದ ತೋಳು. 2001ರಲ್ಲಿ ಹೋಯಿತು, ನಿಲ್ದಾಣದ ಉಳಿದ ಭಾಗಗಳಲ್ಲಿ ಬಹುಪಾಲನ್ನು ಜೋಡಿಸಿದ್ದೇ ಅದು. ಆ ದೇಶ ತನ್ನ ಐದು ಡಾಲರ್ ನೋಟಿನ ಮೇಲೆ ಈ ತೋಳಿನ ಚಿತ್ರ ಅಚ್ಚು ಹಾಕಿದೆ. ಯುರೋಪಿನ 'ಕೊಲಂಬಸ್' 2008ರ ಫೆಬ್ರುವರಿಯಲ್ಲಿ, ಜಪಾನಿನ 'ಕಿಬೊ' 2008-09ರಲ್ಲಿ ಕೂಡಿದವು.

ಕಕ್ಷೆಯ ಓರೆಯೂ ರಾಜಿಯ ಫಲವೇ. 'ಫ್ರೀಡಂ' ನಿಲ್ದಾಣ ಸಮಭಾಜಕಕ್ಕೆ 28.5 ಡಿಗ್ರಿ ಓರೆಯಲ್ಲಿ ಸುತ್ತಬೇಕಿತ್ತು. ಬೈಕನೂರಿನಿಂದ ಅಲ್ಲಿಗೆ ಏರುವುದು ಆಗದ ಮಾತು. ರಷ್ಯಕ್ಕಾಗಿ ಓರೆಯನ್ನು 51.6 ಡಿಗ್ರಿಗೆ ಏರಿಸಿದರು. ಷಟಲ್‌ನ ಹೊರೆ ಹೊರುವ ಶಕ್ತಿ ಅಷ್ಟರಮಟ್ಟಿಗೆ ತಗ್ಗಿತು, ನಿಲ್ದಾಣ ಜಗತ್ತಿನ ಬಹುಪಾಲು ಜನವಸತಿಯ ಮೇಲೆ ಹಾದುಹೋಗುವಂತಾಯಿತು.

ಯಾಕೆ ಕೂಡಿದರು? ಮೂರು ವಿವರಣೆಗಳು

ಮೊದಲನೆಯದು ರಾಜಕಾರಣದ ವಿವರಣೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಸಂಬಳವಿಲ್ಲದ ರಷ್ಯದ ರಾಕೆಟ್ ಎಂಜಿನಿಯರುಗಳು ಬೇರೆ ಬೇರೆ ದೇಶಗಳಿಗೆ ಕ್ಷಿಪಣಿ ಮಾಡಿಕೊಡಲು ಹೋಗಬಾರದು, ಅವರ ಕೈಗೆ ಕೆಲಸ ಬೇಕು, ಅದಕ್ಕಾಗಿ ಅಮೆರಿಕ ಅವರನ್ನು ನಿಲ್ದಾಣಕ್ಕೆ ಎಳೆದುಕೊಂಡಿತು ಎನ್ನುವವರು ಈ ಪಂಥದವರು. 1993ರ ಘಟನೆಗಳಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಇಲ್ಲ. ಚೀನಾ ಯಾಕೆ ಒಳಗಿಲ್ಲ ಎಂಬುದಕ್ಕೂ ಇದೇ ಉತ್ತರ: 2011ರಲ್ಲಿ ಅಮೆರಿಕದ ಸಂಸತ್ತು, ಚೀನಾದೊಂದಿಗೆ ನಾಸಾ ನೇರವಾಗಿ ಸಹಕರಿಸದಂತೆ ಕಾನೂನಿನ ಕಟ್ಟು ಹಾಕಿತು. ಚೀನಾ 2021-22ರಲ್ಲಿ ಮೂರು ಕೋಣೆಯ ತನ್ನದೇ 'ತಿಯಾಂಗಾಂಗ್' ಕಟ್ಟಿಕೊಂಡಿತು. ಆದರೆ ರಾಜಕಾರಣವೇ ಎಲ್ಲವೂ ಆಗಿದ್ದರೆ 2022ರ ಉಕ್ರೇನ್ ಯುದ್ಧ ಶುರುವಾದ ಮೇಲೆ ಈ ಮನೆ ಒಡೆಯಬೇಕಿತ್ತು. ಯುರೋಪು ರಷ್ಯದ ಜೊತೆಗಿನ ಮಂಗಳಯಾನದ ಯೋಜನೆ ಕೈಬಿಟ್ಟಿತು. ನಿಲ್ದಾಣದಲ್ಲಿ ಮಾತ್ರ ಅದೇ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಫ್ರಾಂಕ್ ರುಬಿಯೊ ರಷ್ಯದ ಸೊಯುಜ್ ಏರಿದರು, ಅಕ್ಟೋಬರ್‌ನಲ್ಲಿ ರಷ್ಯದ ಅನ್ನಾ ಕಿಕಿನಾ ಅಮೆರಿಕದ ಡ್ರ್ಯಾಗನ್ ಏರಿದರು. ರಾಜಕಾರಣ ಇದನ್ನು ವಿವರಿಸದು.

ಎರಡನೆಯ ವಿವರಣೆಯನ್ನು ಹಣಕಾಸಿನ ವಿದ್ವಾಂಸರು ದೊಡ್ಡ ಪದಗಳಲ್ಲಿ ಹೇಳುತ್ತಾರೆ. ನಮ್ಮ ರೈತರು ಅದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: ಮುಯ್ಯಾಳು. ಬಿತ್ತನೆಗೆ ಹದ ಬಂದಾಗ ನನ್ನ ಹೊಲಕ್ಕೆ ನೀನು ಬಾ, ನಿನ್ನ ಹೊಲಕ್ಕೆ ನಾನು ಬರುತ್ತೇನೆ. ರೊಕ್ಕ ಕೈ ಬದಲಾಗುವುದಿಲ್ಲ, ಲೆಕ್ಕ ಮಾತ್ರ ಪಕ್ಕಾ ಇರುತ್ತದೆ. ನಿಲ್ದಾಣ ನಡೆದದ್ದು ಹೀಗೆಯೇ. ತನ್ನ ಕೊಲಂಬಸ್ ಕೋಣೆಯನ್ನು ಷಟಲ್‌ನಲ್ಲಿ ಒಯ್ದುಕೊಟ್ಟದ್ದಕ್ಕೆ ಯುರೋಪು ಡಾಲರ್ ಎಣಿಸಲಿಲ್ಲ, ಹಾರ್ಮೊನಿ ಮತ್ತು ಟ್ರಾಂಕ್ವಿಲಿಟಿ ಕಟ್ಟಿಕೊಟ್ಟಿತು. ನಿಲ್ದಾಣವನ್ನು ನಡೆಸುವ ಸಾಮೂಹಿಕ ಖರ್ಚಿನ ತನ್ನ ಪಾಲಿಗೆ 2008ರಿಂದ 2014ರವರೆಗೆ ಐದು ಸರಕು ನೌಕೆಗಳನ್ನು ಕಳಿಸಿತು. ರಷ್ಯದ ಭಾಗ ಬಿಟ್ಟು ಉಳಿದದ್ದರಲ್ಲಿ ಪಾಲು ಹೀಗಿದೆ: ಅಮೆರಿಕ 76.6, ಜಪಾನ್ 12.8, ಯುರೋಪು 8.3, ಕೆನಡಾ 2.3 ಶೇಕಡಾ. ಈ ಪಾಲೇ ಹಕ್ಕೂ ಆಗುತ್ತದೆ. ಕೊಲಂಬಸ್ ಯುರೋಪಿನದೇ ಆದರೂ ಅದರಲ್ಲಿ ಪ್ರಯೋಗ ಮಾಡುವ ಜಾಗದ 51 ಶೇಕಡಾ ಮಾತ್ರ ಅದರದು; 46.7 ಅಮೆರಿಕಕ್ಕೆ, 2.3 ತೋಳು ಕೊಟ್ಟ ಕೆನಡಾಕ್ಕೆ. ನಮ್ಮ ಸೀಮೆಯ ಜಾತ್ರೆಗಳಲ್ಲಿ ತೇರಿಗೆ ಕಳಸ ಒಂದು ಊರಿಂದ, ಮಿಣಿ ಇನ್ನೊಂದು ಊರಿಂದ ಬರುವುದು ವಾಡಿಕೆ. ಮಿಣಿ ತಂದ ಊರಿಗೆ ತೇರಿನ ದಿನ ಇರುವ ಮರ್ಯಾದೆ ಬಲ್ಲವರಿಗೆ ಈ 2.3ರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮುಯ್ಯಿ ತೀರಿಸದಿದ್ದರೆ ಏನಾಗುತ್ತದೆ? ಬ್ರೆಜಿಲ್ 1997ರಲ್ಲಿ ಕೆಲವು ಉಪಕರಣ ಮಾಡಿಕೊಡುವುದಾಗಿ ಸೇರಿತು. ದೇಶದಲ್ಲಿ ದುಡ್ಡು ಹೊಂದಲಿಲ್ಲ, ಒಂದನ್ನೂ ಕೊಡಲಾಗದೆ ಹೊರಬಿತ್ತು. ಅದಕ್ಕೆಂದು ತರಬೇತಾಗಿದ್ದ ಮಾರ್ಕೋಸ್ ಪೋಂಟೆಸ್ ಕೊನೆಗೆ 2006ರಲ್ಲಿ ರಷ್ಯಕ್ಕೆ ರೊಕ್ಕ ಕಟ್ಟಿ ಹೋಗಬೇಕಾಯಿತು. ಕೊಟ್ಟ ದುಡಿಮೆಗೆ ಬೆಲೆ ಬಾರದೇ ಹೋದದ್ದೂ ಉಂಟು. ಕಿಬೊವನ್ನು ಒಯ್ಯುವ ಮುಯ್ಯಿಗೆ ಜಪಾನ್ ಒಂದು ದೊಡ್ಡ ತಿರುಗುಯಂತ್ರದ ಕೋಣೆ ಕಟ್ಟುತ್ತಿತ್ತು. 2005ರಲ್ಲಿ ನಾಸಾ ಅದು ಬೇಡವೆಂದಿತು. ತೂಕರಹಿತ ಸ್ಥಿತಿ ಮತ್ತು ಭೂಮಿಯ ತೂಕದ ನಡುವಿನ ಹಂತಗಳಲ್ಲಿ ಜೀವಿಗಳು ಹೇಗೆ ಬಾಳುತ್ತವೆ ಎಂದು ಪರೀಕ್ಷಿಸಲು ಆ ಕೋಣೆ ಇದ್ದಿದ್ದರೆ, ಚಂದ್ರ, ಮಂಗಳದ ಮಾತಾಡುವ ಇಂದಿನವರಿಗೆ ಅದೇ ಮೊದಲ ಪಾಠಶಾಲೆಯಾಗುತ್ತಿತ್ತು. ಈ ನಿಲ್ದಾಣದ ಚರಿತ್ರೆಯಲ್ಲಿ ವಿಜ್ಞಾನಕ್ಕಾದ ದೊಡ್ಡ ನಷ್ಟ ಇದೇ ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ಎಂಜಿನಿಯರುಗಳ ವಿವರಣೆ, ನನಗೆ ಹೆಚ್ಚು ಗಟ್ಟಿ ಎನಿಸುವುದು. ಗುರುಗುಂಟಾಕ್ಕೆ ಹತ್ತಿರದ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ನೆಲದಡಿಯ ಗಣಿಗೆ ಹೊರಬರಲು ಎರಡು ದಾರಿ ಇರಲೇಬೇಕು ಎಂಬುದು ಗಣಿ ಕಾನೂನು. ಒಂದು ಕುಸಿದರೆ ಇನ್ನೊಂದು. ನಿಲ್ದಾಣ ಬದುಕಿದ್ದು ಈ ಸೂತ್ರದಿಂದ. 2003ರ ಫೆಬ್ರುವರಿ 1ರಂದು ಕೊಲಂಬಿಯಾ ನೌಕೆ ಒಡೆದು, ಕಲ್ಪನಾ ಚಾವ್ಲಾ ಸೇರಿ ಏಳು ಜನ ತೀರಿಕೊಂಡರು. ಷಟಲ್ ಎರಡೂವರೆ ವರ್ಷ ಹಾರಲಿಲ್ಲ. ಆಗ ನಿಲ್ದಾಣದ ವಾಸಿಗಳನ್ನು ಮೂವರಿಂದ ಇಬ್ಬರಿಗೆ ಇಳಿಸಿ, ಅವರಿಗೆ ಅನ್ನ ನೀರು ಇಂಧನ ಒಯ್ದದ್ದು ರಷ್ಯದ ಪ್ರೊಗ್ರೆಸ್. 1978ರಲ್ಲಿ ಸಲ್ಯುತ್-6ಕ್ಕೆ ಹೊರೆ ಹೊರಲು ಶುರುಮಾಡಿದ ಅದೇ ವಂಶದ ನೌಕೆ. 2011ರಲ್ಲಿ ಷಟಲ್ ನಿವೃತ್ತವಾದ ಮೇಲೆ 2020ರ ಮೇವರೆಗೆ ಮನುಷ್ಯರನ್ನು ಒಯ್ಯುತ್ತಿದ್ದುದೂ ರಷ್ಯದ ಸೊಯುಜ್ ಒಂದೇ. ಕೊನೆಕೊನೆಗೆ ಒಂದು ಆಸನಕ್ಕೆ 9 ಕೋಟಿ ಡಾಲರ್ ತೆರಬೇಕಾಯಿತು.

ಇನ್ನೂ ಕಠಿಣ ಪರೀಕ್ಷೆ 2014-15ರಲ್ಲಿ ಬಂತು. 2014ರ ಅಕ್ಟೋಬರ್ 28ರಂದು ಅಮೆರಿಕದ ಸಿಗ್ನಸ್ ನೌಕೆಯನ್ನು ಹೊತ್ತ ರಾಕೆಟ್ಟು ಮೇಲೇಳುತ್ತಲೇ ಸ್ಫೋಟಿಸಿತು. 2015ರ ಏಪ್ರಿಲ್ 28ರಂದು ಹೊರಟ ಪ್ರೊಗ್ರೆಸ್ ಅಂಕೆ ತಪ್ಪಿತು. ಜೂನ್ 28ರಂದು ಡ್ರ್ಯಾಗನ್ ಆಕಾಶದಲ್ಲೇ ಚೂರಾಯಿತು. ಎಂಟೇ ತಿಂಗಳಲ್ಲಿ ಮೂರು ಬಂಡಿಗಳು ಉರುಳಿದವು. ಆ ಜುಲೈನಲ್ಲಿ ಮತ್ತೊಂದು ಪ್ರೊಗ್ರೆಸ್, ಆಗಸ್ಟಿನಲ್ಲಿ ಜಪಾನಿನ ಕೊನೊತೊರಿ ನಿಲ್ದಾಣ ಮುಟ್ಟಿದವು. ಉರುಳಿದ ಮೂರೂ ಬೇರೆ ಬೇರೆ ರಾಕೆಟ್ಟು, ಬೇರೆ ಬೇರೆ ಎಂಜಿನ್ನು ಆಗಿದ್ದರಿಂದ ಒಂದರ ರೋಗ ಇನ್ನೊಂದಕ್ಕೆ ಹತ್ತಲಿಲ್ಲ. ಯುದ್ಧದ ನಡುವೆಯೂ ಮನೆ ಒಡೆಯದ ಕಾರಣವೂ ಇಲ್ಲೇ ಇದೆ: ವಿದ್ಯುತ್ತಿನ ಬಹುಪಾಲು ಅಮೆರಿಕದ ಸೌರಫಲಕಗಳದು, ಕಕ್ಷೆಯಿಂದ ಜಾರದಂತೆ ಮೇಲಕ್ಕೆ ತಳ್ಳುವ ಕೆಲಸ ಬಹುಮಟ್ಟಿಗೆ ರಷ್ಯದ ಎಂಜಿನ್‌ಗಳದು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ನಿಲ್ಲಲಾರರು. ಆದರೆ ಈ ವಿವರಣೆ, ಕೂಡಿದವರು ಯಾಕೆ ಬಿಡಲಿಲ್ಲ ಎಂದು ಹೇಳುತ್ತದೆಯೇ ಹೊರತು ಯಾಕೆ ಕೂಡಿದರು ಎಂದು ಹೇಳುವುದಿಲ್ಲ.

ಭಾರತದ ಮುಂದಿನ ವಾದಗಳು: ಟಿಕೆಟ್ಟೋ, ಸ್ವಂತ ಮನೆಯೋ

ಪಾಲುದಾರರಾಗದೆಯೂ ಹೋಗಬಹುದು, ರೊಕ್ಕ ಕೊಟ್ಟರೆ ಸಾಕು ಎಂಬುದು ಒಂದು ವಾದ. 2025ರಲ್ಲಿ ನಾವು ಮಾಡಿದ್ದು ಅದನ್ನೇ. ಆಕ್ಸಿಯಂ ಎಂಬ ಅಮೆರಿಕದ ಕಂಪನಿಯ ನಾಲ್ಕನೆಯ ಯಾತ್ರೆಯಲ್ಲಿ ಪೋಲೆಂಡ್, ಹಂಗೆರಿಯವರ ಜೊತೆ ಭಾರತದ ಆಸನವೂ ಇತ್ತು; ಪೆಗ್ಗಿ ವಿಟ್ಸನ್ ನಾಯಕಿ. ಭಾರತಕ್ಕೆ ಬಂದ ಖರ್ಚು ಸುಮಾರು 550 ಕೋಟಿ ರೂಪಾಯಿ. 18 ದಿನದ ವಾಸಕ್ಕೆ ಇದು ದುಬಾರಿ ಎಂದವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಉಡಾವಣೆಗೆ ಮುನ್ನ ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರಿದಾಗ, ಸರಿಪಡಿಸಿ ಪರೀಕ್ಷಿಸದೆ ಹಾರಕೂಡದು ಎಂದು ಅಲ್ಲಿದ್ದ ಇಸ್ರೋ ತಂಡ ಪಟ್ಟು ಹಿಡಿದದ್ದನ್ನು ಇಸ್ರೋದ ಅಧ್ಯಕ್ಷ ವಿ. ನಾರಾಯಣನ್ ಬಹಿರಂಗವಾಗಿ ಹೇಳಿದ್ದಾರೆ. ಮೂವತ್ತು ವರ್ಷ ಕ್ರಯೋಜೆನಿಕ್ ಎಂಜಿನ್ ಜೊತೆ ಗುದ್ದಾಡಿದವರಿಗೆ ಆ ಮಾತಾಡುವ ಅಧಿಕಾರ ಬಂದಿತ್ತು. ಆದರೂ ಟಿಕೆಟ್ಟು ಟಿಕೆಟ್ಟೇ. ಮುಂದಿನ ವರ್ಷ ಮತ್ತೆ ಹೋಗುವ ಹಕ್ಕನ್ನು ಅದು ಕೊಡುವುದಿಲ್ಲ.

ಸ್ವಂತ ಮನೆಯ ವಾದ 2019ರ ಜೂನ್‌ನಲ್ಲಿ ಅಧಿಕೃತವಾಯಿತು. ನಮ್ಮದೇ ಸಣ್ಣ ನಿಲ್ದಾಣ ಕಟ್ಟುತ್ತೇವೆ, ಅದು ಅಂತಾರಾಷ್ಟ್ರೀಯ ನಿಲ್ದಾಣದ ಭಾಗವಾಗಿರುವುದಿಲ್ಲ ಎಂದು ಆಗಿನ ಅಧ್ಯಕ್ಷ ಕೆ. ಶಿವನ್ ಹೇಳಿದರು. 2024ರ ಸೆಪ್ಟೆಂಬರ್ 18ರಂದು ಕೇಂದ್ರ ಸಂಪುಟ ಗಗನಯಾನ ಯೋಜನೆಯನ್ನು ಹಿಗ್ಗಿಸಿ ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಕೋಣೆಗೆ ಒಪ್ಪಿಗೆ ಕೊಟ್ಟಿತು. ಒಟ್ಟು ಮೊತ್ತ 20,193 ಕೋಟಿ. ಮೊದಲ ಕೋಣೆ ಸುಮಾರು 10 ಟನ್, ಗುರಿ 2028. ಐದು ಕೋಣೆಯ ಪೂರ್ಣ ನಿಲ್ದಾಣಕ್ಕೆ ಗುರಿ 2035. ಅದಕ್ಕೆ ಬೇಕಾದ ಜೋಡಣೆಯ ವಿದ್ಯೆಯನ್ನು 2025ರ ಜನವರಿ 16ರಂದು ಸ್ಪೇಡೆಕ್ಸ್ ಉಪಗ್ರಹಗಳು ಮಾಡಿ ತೋರಿದವು. ಹೀಗೆ ಮಾಡಿದ ನಾಲ್ಕನೆಯ ದೇಶ ನಮ್ಮದು. ಆ ಉಪಗ್ರಹಗಳನ್ನು ಹೊತ್ತ ರಾಕೆಟ್ಟಿನ ಕೊನೆಯ ಹಂತದಲ್ಲೇ ಅಲಸಂದಿ ಕಾಳು ನಾಲ್ಕು ದಿನದಲ್ಲಿ ಮೊಳೆಯಿತು.

ಕಿತ್ತುಕೊಂಡವರ ಮುಂದೆ ಮತ್ತೆ ಕೈ ಚಾಚಬಾರದು ಎಂಬುದು ಈ ವಾದದ ಬಲ. 1986, 1993 ಅದಕ್ಕೆ ಸಾಕ್ಷಿ. ಒಂಟಿ ಮನೆ ದುಬಾರಿ, ಒಂದೇ ಬಂಡಿಯನ್ನು ನಂಬಿದ ಮನೆ ಅಪಾಯದ್ದು ಎಂಬುದು ಅದರ ದೌರ್ಬಲ್ಯ. 2014-15 ಅದಕ್ಕೆ ಸಾಕ್ಷಿ. ನನ್ನ ನಿಲುವು ಇದು: ಮುಯ್ಯಾಳಿಗೆ ಹೋಗಬೇಕಾದರೂ ಸ್ವಂತದ್ದೊಂದು ಜೋಡೆತ್ತು ಇರಬೇಕು. ಎತ್ತಿಲ್ಲದವನನ್ನು ಕೂಲಿಗೆ ಕರೆಯುತ್ತಾರೆ, ಪಾಲಿಗೆ ಕರೆಯುವುದಿಲ್ಲ. ನಿಲ್ದಾಣ ಕಟ್ಟಲಿ, ಆದರೆ ಅದರ ಜೊತೆಗೆ, ಸಾಧ್ಯವಾದರೆ ಅದಕ್ಕೂ ಮುನ್ನ, ನಮ್ಮದೇ ಸರಕು ನೌಕೆ ಬರಲಿ. ಕೋಣೆ ಕಟ್ಟಿದ ದೇಶಗಳು ಹಲವು, ಹೊರೆ ಮುಟ್ಟಿಸಬಲ್ಲ ದೇಶಗಳು ಕೆಲವೇ.

ಕನ್ನಡ ನೆಲದಿಂದ ಹೋದದ್ದು

ಶುಕ್ಲಾ ಅವರ ಕೈಯಲ್ಲಿ ಇಸ್ರೋ ಕಳಿಸಿದ್ದ ಏಳು ಪ್ರಯೋಗಗಳಲ್ಲಿ ನಾಲ್ಕು ಕರ್ನಾಟಕದವು. ಧಾರವಾಡದ ಮೊಳಕೆ ಪ್ರಯೋಗವನ್ನು ಕೃಷಿ ವಿಶ್ವವಿದ್ಯಾಲಯದ ರವಿಕುಮಾರ್ ಹೊಸಮನಿ, ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ ಮುನ್ನಡೆಸಿದರು. ಮೊಳೆಯುವಿಕೆ, ಪೋಷಕಾಂಶ, ಅಂಟಿಕೊಳ್ಳುವ ಸೂಕ್ಷ್ಮಜೀವಿಗಳಲ್ಲಿ ಏನು ವ್ಯತ್ಯಾಸವಾಗುತ್ತದೆ ಎಂಬುದು ಅವರ ಪ್ರಶ್ನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಎರಡು. ಒಂದು, ಒಣಗಿದರೂ ಸಾಯದ ಟಾರ್ಡಿಗ್ರೇಡ್ ಎಂಬ ಕಣ್ಣಿಗೆ ಕಾಣದ ಜೀವಿ ಅಲ್ಲಿ ಹೇಗೆ ಎಚ್ಚರಗೊಂಡು ಮೊಟ್ಟೆ ಇಡುತ್ತದೆ ಎಂಬುದು. ಇನ್ನೊಂದು, ತೂಕರಹಿತ ಸ್ಥಿತಿಯಲ್ಲಿ ಪರದೆ ನೋಡಿ ಕೆಲಸ ಮಾಡುವಾಗ ಕಣ್ಣು ಮತ್ತು ಬುದ್ಧಿಯ ಮೇಲಾಗುವ ಪರಿಣಾಮ. ನಾಲ್ಕನೆಯದು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಸ್ನಾಯುಕೋಶಗಳ ಪ್ರಯೋಗ.

ಚೀನಾದ ಮನೆಯ ಬಾಗಿಲನ್ನೂ ಬೆಂಗಳೂರು ತಟ್ಟಿತ್ತು. ತಿಯಾಂಗಾಂಗ್‌ನಲ್ಲಿ ಎಲ್ಲ ದೇಶಗಳಿಗೂ ಜಾಗ ಕೊಡುವ ವಿಶ್ವಸಂಸ್ಥೆಯ ಕಾರ್ಯಕ್ರಮದಡಿ 2019ರ ಜೂನ್‌ನಲ್ಲಿ ಆಯ್ಕೆಯಾದ ಒಂಬತ್ತು ಪ್ರಯೋಗಗಳಲ್ಲಿ ಒಂದು, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ರಷ್ಯದ ಖಗೋಳ ಸಂಸ್ಥೆಯ ಜೊತೆಗೂಡಿ ಸಲ್ಲಿಸಿದ ರೋಹಿತದರ್ಶಕ. ಮರುವರ್ಷ ಗಲ್ವಾನ್ ಕಣಿವೆಯಲ್ಲಿ ಚೀನಾದ ಸೇನೆಯೊಂದಿಗಿನ ಘರ್ಷಣೆಯಲ್ಲಿ ನಮ್ಮ ಸೈನಿಕರು ಮಡಿದರು. ವಿಜ್ಞಾನದ ಬಾಗಿಲು ತೆರೆದಿರುವುದೂ ಮುಚ್ಚುವುದೂ ವಿಜ್ಞಾನಿಯ ಕೈಯಲ್ಲಿಲ್ಲ.

ಇನ್ನೂ ಇತ್ಯರ್ಥವಾಗದ್ದು

ಮೊದಲ ಪ್ರಶ್ನೆ ಬಾಗಿಲಿನದು. ಸ್ಪೇಡೆಕ್ಸ್‌ನ ಜೋಡಣೆಯ ವ್ಯಾಸ 450 ಮಿಲಿಮೀಟರ್. ಮನುಷ್ಯರು ದಾಟುವ ಬಾಗಿಲಿಗೆ 800 ಬೇಕು. ಅದನ್ನು ಅಂತಾರಾಷ್ಟ್ರೀಯ ಮಾನದಂಡಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ ಹೊಂದಿಸುತ್ತೇವೆಯೇ? ಜೋಡಣೆಗಳು ಒಂದಕ್ಕೊಂದು ಹೊಂದುವಂತೆ ಮಾಡುವ ಬಗ್ಗೆ 2025ರ ಮೇ ತಿಂಗಳಲ್ಲಿ ಇಸ್ರೋ ಮತ್ತು ಯುರೋಪಿನ ಬಾಹ್ಯಾಕಾಶ ಸಂಸ್ಥೆ ಆಶಯಪತ್ರಕ್ಕೆ ಸಹಿ ಮಾಡಿವೆ. ಆಶಯ ಉಕ್ಕಾಗಿ ಅಚ್ಚಿಗೆ ಬೀಳುವುದು ಬಾಕಿಯಿದೆ. 1975ರಲ್ಲಿ ಎರಡು ವೈರಿ ದೇಶಗಳು ಮಾಡಿದ್ದನ್ನು ನಾವು ಮಾಡದೇ ಹೋದರೆ, ನಮ್ಮ ಮನೆಗೆ ತೊಂದರೆ ಬಂದ ದಿನ ನೆರೆಯವರು ಬಂದರೂ ಒಳಗೆ ಬರಲಾರರು.

ಎರಡನೆಯದು ಹಳೆ ಮನೆಯ ಕೊನೆಗಾಲ. ರಷ್ಯದ 'ಜ್ವೆಜ್ದಾ' ಕೋಣೆಯ ಹಿಂಬದಿಯ ಹಾದಿಯಲ್ಲಿ 2019ರಲ್ಲಿ ಗಾಳಿ ಸೋರುವುದು ಪತ್ತೆಯಾಯಿತು. ಶುಕ್ಲಾ ಅವರ ಯಾತ್ರೆ ಮುಂದೂಡಲು ಅದೂ ಒಂದು ಕಾರಣವಾಯಿತು. ರಷ್ಯ 2028ರವರೆಗೆ, ಉಳಿದವರು 2030ರವರೆಗೆ ನಡೆಸಲು ಒಪ್ಪಿದ್ದಾರೆ. ಕೊನೆಗೆ ಅದನ್ನು ಪೆಸಿಫಿಕ್ ಸಾಗರಕ್ಕೆ ಇಳಿಸುವ ನೌಕೆ ಕಟ್ಟಲು 2024ರ ಜೂನ್‌ನಲ್ಲಿ ಸ್ಪೇಸ್‌ಎಕ್ಸ್‌ಗೆ 84 ಕೋಟಿ ಡಾಲರ್‌ವರೆಗಿನ ಗುತ್ತಿಗೆ ಕೊಡಲಾಗಿದೆ. ಆಮೇಲೆ ಬರಲಿರುವ ಖಾಸಗಿ ನಿಲ್ದಾಣಗಳಲ್ಲಿ ಪಾಲು ಹಿಡಿಯುವ ದೇಶಗಳಿಗೆ ಮುಯ್ಯಾಳಿನ ಹಕ್ಕು ಇರುತ್ತದೆಯೋ, ಬರೀ ಬಾಡಿಗೆಯ ರಸೀದಿಯೋ? ಇದಕ್ಕೆ ಯಾರ ಬಳಿಯೂ ಉತ್ತರವಿಲ್ಲ.

ಮೂರನೆಯದು ನಮ್ಮ ಮನೆಯೊಳಗಿನ ಹಂಚಿಕೆ. ಭಾರತೀಯ ನಿಲ್ದಾಣದಲ್ಲಿ ಪ್ರಯೋಗದ ಜಾಗ ಯಾರಿಗೆ, ಯಾವ ನಿಯಮದಲ್ಲಿ ಸಿಗುತ್ತದೆ? ಧಾರವಾಡದಿಂದ ಬೇರೆಯಾಗಿ ಬೆಳೆದ ರಾಯಚೂರು ಕೃಷಿ ವಿಶ್ವವಿದ್ಯಾಲಯ ನಮ್ಮ ಬಗಲಲ್ಲೇ ಇದೆ. ತೊಗರಿ, ಜೋಳ, ಸಜ್ಜೆ, ಅಂದರೆ ನೀರಿಲ್ಲದೆ ತಾಳಿ ಬದುಕುವ ಬೆಳೆಗಳ ಬಗ್ಗೆ ಅಲ್ಲಿಯವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಅವರ ಪ್ರಯೋಗವೂ 2035ರ ಮನೆಯಲ್ಲಿ ಇರಬೇಕಾದರೆ ಸಿದ್ಧತೆ ಈಗಲೇ ಶುರುವಾಗಬೇಕು.

ಗುರುಗುಂಟಾ, ಹಟ್ಟಿ, ಮಸ್ಕಿ, ಸಿಂಧನೂರಿನ ಶಾಲೆಗಳ ಮೇಷ್ಟ್ರುಗಳಲ್ಲಿ, ಅಕ್ಕೋರಲ್ಲಿ ಒಂದು ಕೋರಿಕೆ. ನಿಲ್ದಾಣ ನಮ್ಮ ಊರಿನ ಮೇಲೆ ಹಾದುಹೋಗುವ ಹೊತ್ತನ್ನು ನಾಸಾ ಮುಂಚೆಯೇ ಪ್ರಕಟಿಸುತ್ತದೆ. ಮೋಡವಿಲ್ಲದ ಒಂದು ಸಂಜೆ ಮಕ್ಕಳನ್ನು ಬಯಲಿಗೆ ಕರೆದೊಯ್ದು ಅದನ್ನು ತೋರಿಸಿ. ಧಾರವಾಡದ ಹೆಸರುಕಾಳು ಮೊಳೆತದ್ದು ಅಲ್ಲೇ ಎಂದು ಹೇಳಿ. ಇನ್ನು ನಾಲ್ಕೈದು ವರ್ಷಕ್ಕೆ ಆ ಚುಕ್ಕೆ ಆಕಾಶದಲ್ಲಿ ಇರುವುದಿಲ್ಲ.